ಓದುಗರ ಪ್ರಶ್ನೆ: ತಾಮ್ರ ಅಂಟಬೇಕು, ಸಿಗ್ನಲ್ ಅಂಟಬಾರದು

ಹೋದ ಸಂಚಿಕೆಯಲ್ಲಿ ಮಾತಿನ ನಡುವೆ ಒಂದು ಸಾಲು ಬರೆದಿದ್ದೆ. ವೇಗದ ಎಲೆಕ್ಟ್ರಾನಿಕ್ಸ್‌ಗೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಕಡಿಮೆ ಇರುವ ಪಾಲಿಮರ್ ಬೇಕು, ಅದನ್ನು ಮಾಡುವುದು ಹೇಳಿದಷ್ಟು ಸುಲಭವಲ್ಲ ಎಂದು. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ನನಗೆ ಖುಷಿಯೇ. ಇಪ್ಪತ್ತಾರು ವರ್ಷ ನಾನು ಮಾಡಿದ್ದು ಇದೇ ಕೆಲಸ, ಸರ್ಕ್ಯೂಟ್ ಬೋರ್ಡಿನ ಹಲಗೆ ಮಾಡುವುದು. ರೆಸಿನ್ ತಯಾರಿಸುವುದು, ಗಾಜಿನ ಬಟ್ಟೆಗೆ ಹೀರಿಸುವುದು, ಮೇಲೆ ಕೆಳಗೆ ತಾಮ್ರದ ಹಾಳೆ ಇಟ್ಟು ಬಿಸಿ ಪ್ರೆಸ್‌ನಲ್ಲಿ ಒತ್ತುವುದು, ಆಮೇಲೆ ಅಳೆದು ನೋಡಿ ಬೇಜಾರು ಮಾಡಿಕೊಳ್ಳುವುದು. ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಕರೆಂಟು ಹರಿಯುವುದು ತಾಮ್ರದ ಗೆರೆಯಲ್ಲಿ. ಪ್ಲಾಸ್ಟಿಕ್ ಸುಮ್ನೆ ಅದನ್ನು ಹೊತ್ತುಕೊಂಡಿರುವ ಹಲಗೆ, ಅಲ್ವಾ ಮೇಡಂ? ಹಲಗೆಯ ಬಗ್ಗೆ ಇಷ್ಟು ತಲೆಬಿಸಿ ಯಾಕೆ?
– ಎಲೆಕ್ಟ್ರಾನಿಕ್ಸ್ ಓದುತ್ತಿರುವ ವಿದ್ಯಾರ್ಥಿನಿ

ಉತ್ತರ: ಟಾರ್ಚ್ ಬಲ್ಬಿಗೆ ನಿಮ್ಮ ಮಾತು ಸಾಕು. ವೇಗದ ಸಿಗ್ನಲ್‌ಗೆ ಸಾಲದು. ಸಿಗ್ನಲ್ ಎಂದರೆ ಒಂದು ಅಲೆ. ಅದರ ಶಕ್ತಿ ಇರುವುದು ಮೇಲಿನ ತಾಮ್ರದ ಗೆರೆಗೂ ಕೆಳಗಿನ ತಾಮ್ರದ ಪದರಕ್ಕೂ ನಡುವೆ ಇರುವ ವಿದ್ಯುತ್ ಕ್ಷೇತ್ರದಲ್ಲಿ. ಆ ನಡುವಿನ ಜಾಗದಲ್ಲಿ ಏನಿದೆ? ನೀವು ಹಲಗೆ ಎಂದ ಪ್ಲಾಸ್ಟಿಕ್. ತಾಮ್ರ ದಾರಿ ತೋರಿಸುತ್ತದೆ ಅಷ್ಟೆ. ಅಲೆ ಹೋಗುವುದು ಪ್ಲಾಸ್ಟಿಕ್‌ನ ಒಳಗೆ.

ಹಾಗಾಗಿ ಎರಡು ಸಂಖ್ಯೆಗಳು ಬೇಕಾಗುತ್ತವೆ. ಮೊದಲನೆಯದು ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಜಗ್ಗುತ್ತದೆ ಎಂಬುದರ ಅಳತೆ. ಲ್ಯಾಬಿನಲ್ಲಿ ನಾವು ಡಿಕೆ ಎನ್ನುತ್ತೇವೆ. ನಿರ್ವಾತಕ್ಕೆ ಇದು 1, ಗಾಳಿಗೂ ಹೆಚ್ಚುಕಡಿಮೆ 1, ಟೆಫ್ಲಾನ್‌ಗೆ 2.1, ಪಾಲಿಇಮೈಡ್‌ಗೆ ಸುಮಾರು 3.4, ಎಲ್ಲ ಕಡೆ ಕಾಣುವ ಎಫ್‌ಆರ್-4 ಬೋರ್ಡಿಗೆ (ಗಾಜಿನ ಬಟ್ಟೆಗೆ ಎಪಾಕ್ಸಿ ರೆಸಿನ್ ಹೀರಿಸಿ ಮಾಡಿದ್ದು) 4ರಿಂದ 4.6, ನೀರಿಗೆ 80ರ ಹತ್ತಿರ. ಬೆಳಕು ನಿರ್ವಾತದಲ್ಲಿ ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ. ಅದನ್ನು ಡಿಕೆಯ ವರ್ಗಮೂಲದಿಂದ ಭಾಗಿಸಿದರೆ ಬೋರ್ಡಿನಲ್ಲಿ ಸಿಗ್ನಲ್‌ನ ವೇಗ ಸಿಗುತ್ತದೆ. ಡಿಕೆ 4 ಇದ್ದರೆ 15 ಸೆಂಟಿಮೀಟರ್, ಟೆಫ್ಲಾನ್‌ನಲ್ಲಾದರೆ ಸುಮಾರು 21.

ಎರಡನೆಯದು ನಷ್ಟದ ಸಂಖ್ಯೆ, ನಮ್ಮ ಬಾಯಲ್ಲಿ ಡಿಎಫ್. ನಿಜವಾಗಿ ನಿದ್ದೆ ಕೆಡಿಸುವುದು ಇದು. ಅಲೆ ಹಾದುಹೋಗುವಾಗ ಪಾಲಿಮರ್‌ನಲ್ಲಿರುವ ಧ್ರುವೀಯ ಗುಂಪುಗಳು, ಅಂದರೆ ಒಂದು ತುದಿ ಸ್ವಲ್ಪ ಧನ, ಇನ್ನೊಂದು ತುದಿ ಸ್ವಲ್ಪ ಋಣ ಇರುವಂಥವು, ಅಲೆಯ ತಾಳಕ್ಕೆ ಅಲುಗಾಡಲು ನೋಡುತ್ತವೆ. ಪಕ್ಕದವರಿಗೆ ಉಜ್ಜುತ್ತವೆ. ಅಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಮೈಕ್ರೋವೇವ್ ಒಲೆಯಲ್ಲಿ ನೀರು ಕಾಯುವುದೂ ಹೀಗೆಯೇ. ಅಲ್ಲಿ ನಮಗೆ ಬಿಸಿ ಬೇಕು, ಇಲ್ಲಿ ಬೇಡ.

ಒಂದು ಲೆಕ್ಕ ಹಾಕೋಣ. ಬೋರ್ಡಿನಲ್ಲಿ 25 ಸೆಂಟಿಮೀಟರ್ ಉದ್ದದ ಗೆರೆ, 10 ಗಿಗಾಹರ್ಟ್ಸ್ ಸಿಗ್ನಲ್. ಎಫ್‌ಆರ್-4ರ ಡಿಎಫ್ ಸುಮಾರು 0.02. ಪ್ಲಾಸ್ಟಿಕ್ ಒಂದೇ ತಿನ್ನುವ ಪಾಲು 9 ಡೆಸಿಬೆಲ್‌ಗಿಂತ ಜಾಸ್ತಿ. ಅಂದರೆ ಆ ತುದಿಗೆ ತಲುಪುವುದು ಹೊರಟ ಶಕ್ತಿಯ ಎಂಟನೇ ಒಂದು ಪಾಲು. ಡಿಎಫ್ 0.002 ಇರುವ ಒಳ್ಳೆಯ ಲ್ಯಾಮಿನೇಟ್, ಅಂದರೆ ಒತ್ತಿ ಮಾಡಿದ ಹಲಗೆ, ಹಾಕಿದರೆ ಐದರಲ್ಲಿ ನಾಲ್ಕು ಪಾಲು ತಲುಪುತ್ತದೆ. ತಾಮ್ರದ ನಷ್ಟ ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆವರ್ತನ ಎರಡರಷ್ಟಾದರೆ ಈ ಡೆಸಿಬೆಲ್ ನಷ್ಟವೂ ಎರಡರಷ್ಟು. ಹಲಗೆಯ ಬಗ್ಗೆ ತಲೆಬಿಸಿ ಯಾಕೆ ಎಂದು ಈಗ ಗೊತ್ತಾಯಿತಲ್ಲ.

ಪ್ರಶ್ನೆ: ಟೆಫ್ಲಾನ್‌ನ ಡಿಕೆ 2.1, ನಷ್ಟವೂ ತೀರಾ ಕಡಿಮೆ ಎಂದು ಪುಸ್ತಕದಲ್ಲಿದೆ. ಅದು ಸಿಕ್ಕು ಎಂಬತ್ತು ವರ್ಷದ ಮೇಲಾಯಿತು. ಮತ್ತೆ ಹೊಸ ಪಾಲಿಮರ್ ಹುಡುಕುವುದು ಯಾಕೆ? ಸಂಶೋಧಕರಿಗೆ ಕೆಲಸ ಬೇಕು ಅಂತಲೇ?
– ನಿವೃತ್ತ ಭೌತಶಾಸ್ತ್ರ ಮೇಷ್ಟ್ರು

ಉತ್ತರ: ಮೇಷ್ಟ್ರೇ, ಕೊನೆಯ ವಾಕ್ಯ ಓದಿ ನಕ್ಕುಬಿಟ್ಟೆ. ಅರ್ಧ ನಿಜ ಇರಬಹುದು. ಉಳಿದ ಅರ್ಧ ಹೇಳುತ್ತೇನೆ.

ಟೆಫ್ಲಾನ್ ಸಿಕ್ಕಿದ್ದು 1938ರ ಏಪ್ರಿಲ್‌ನಲ್ಲಿ, ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಕೈಗೆ, ಆಕಸ್ಮಿಕವಾಗಿ. ಗ್ಯಾಸ್ ತುಂಬಿಟ್ಟ ಸಿಲಿಂಡರಿನಿಂದ ಗ್ಯಾಸ್ ಬರಲಿಲ್ಲ. ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ. ಅದರ ಡಿಎಫ್ 0.0002ರಿಂದ 0.0004, ಅಂದರೆ ಎಫ್‌ಆರ್-4ರ ಐವತ್ತನೇ ಒಂದು ಪಾಲು ಅಥವಾ ಅದಕ್ಕಿಂತಲೂ ಕಡಿಮೆ. ಇಂಗಾಲದ ಸರಪಳಿಯ ಸುತ್ತ ಫ್ಲೋರಿನ್ ಸಮವಾಗಿ ಕೂತಿದೆ. ಒಂದೊಂದು ಬಂಧವೂ ಧ್ರುವೀಯವೇ, ಆದರೆ ಎದುರುಬದುರಾಗಿ ಒಂದನ್ನೊಂದು ರದ್ದು ಮಾಡುತ್ತವೆ. ಫ್ಲೋರಿನ್ ತನ್ನ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅವೂ ಅಲೆಗೆ ಸುಲಭವಾಗಿ ಜಗ್ಗುವುದಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ನಾನು ಮೊದಲ ಸಲ ಟೆಫ್ಲಾನ್ ಹಾಳೆಯ ಮೇಲೆ ತಾಮ್ರ ಕೂರಿಸಿದ ದಿನ ಇನ್ನೂ ನೆನಪಿದೆ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಪ್ರೆಸ್ ತೆರೆದೆ, ಹಲಗೆ ಎತ್ತಿದೆ. ತಾಮ್ರದ ಹಾಳೆ ತನ್ನಷ್ಟಕ್ಕೆ ಜಾರಿ ನೆಲಕ್ಕೆ ಬಿತ್ತು. ಪೀಲ್ ಟೆಸ್ಟ್ ಅಂತ ಒಂದಿದೆ, ತಾಮ್ರದ ಪಟ್ಟಿಯನ್ನು ಎಳೆದು ಕಿತ್ತು ಎಷ್ಟು ಬಲ ಬೇಕಾಯಿತು ಎಂದು ನೋಡುವುದು. ಆವತ್ತು ಭೂಮಿಯೇ ಆ ಟೆಸ್ಟ್ ಮಾಡಿ ಮುಗಿಸಿತು. ಯಾವುದಕ್ಕೂ ಅಂಟದ ವಸ್ತುವಿಗೆ ತಾಮ್ರ ಮಾತ್ರ ಅಂಟಲಿ ಎಂದರೆ ಹೇಗೆ?

ಅಂಟಿಸಲು ದಾರಿಗಳಿವೆ. ಸೋಡಿಯಂ-ನ್ಯಾಫ್ತಲೀನ್ ದ್ರಾವಣದಲ್ಲಿ ಅದ್ದಿದರೆ ಮೇಲ್ಮೈಯ ಫ್ಲೋರಿನ್ ಕಿತ್ತುಹೋಗಿ ಕಂದು ಬಣ್ಣ ಬರುತ್ತದೆ. ಇಲ್ಲವೇ ಪ್ಲಾಸ್ಮಾ ಕೊಡಬಹುದು. ಪದರಗಳನ್ನು ಜೋಡಿಸಲು ಬೋರ್ಡಿಗೆ ತೂತು ಕೊರೆದ ಮೇಲೆ ತೂತಿನ ಗೋಡೆಗೂ ಇದೇ ಉಪಚಾರ ಬೇಕು, ಇಲ್ಲದಿದ್ದರೆ ಅಲ್ಲಿ ತಾಮ್ರದ ಲೇಪನ ಹಿಡಿಯುವುದಿಲ್ಲ. ಇನ್ನೊಂದು ಹಳೆಯ ದಾರಿ ಎಂದರೆ ತಾಮ್ರವನ್ನೇ ಒರಟು ಮಾಡುವುದು. ಹಾಳೆಯ ಹಿಂಬದಿಗೆ 5ರಿಂದ 10 ಮೈಕ್ರಾನ್ ಎತ್ತರದ ಹಲ್ಲುಗಳನ್ನು ಬೆಳೆಸಿದರೆ ಅವು ಪ್ಲಾಸ್ಟಿಕ್‌ಗೆ ಕಚ್ಚಿಕೊಳ್ಳುತ್ತವೆ.

ಆಗಲೇ ಹೇಳಿದ ತಾಮ್ರದ ನಷ್ಟ ಕಾಲಿಡುವುದು ಇಲ್ಲಿ. ಆವರ್ತನ ಏರಿದಂತೆ ಕರೆಂಟು ತಾಮ್ರದ ಒಳಗೆ ಇಳಿಯುವುದಿಲ್ಲ, ಚರ್ಮದಲ್ಲೇ ಹರಿಯುತ್ತದೆ. 1 ಗಿಗಾಹರ್ಟ್ಸ್‌ನಲ್ಲಿ ಆ ಚರ್ಮದ ದಪ್ಪ ಸುಮಾರು 2 ಮೈಕ್ರಾನ್, 10ರಲ್ಲಿ 0.66 ಮೈಕ್ರಾನ್. ಹಲ್ಲು 5 ಮೈಕ್ರಾನ್ ಎತ್ತರ ಇದ್ದರೆ ಕರೆಂಟು ಪ್ರತಿ ಹಲ್ಲನ್ನೂ ಹತ್ತಿ ಇಳಿಯಬೇಕು. ಪ್ಲಾಸ್ಟಿಕ್‌ನಲ್ಲಿ ಉಳಿಸಿದ್ದನ್ನು ತಾಮ್ರದಲ್ಲಿ ಕಳೆದುಕೊಂಡಂತಾಯಿತು. ಅದಕ್ಕೇ ಈಗ 2 ಮೈಕ್ರಾನ್‌ಗಿಂತ ಕಡಿಮೆ ಒರಟಿರುವ ನುಣುಪಾದ ಹಾಳೆ ಕೇಳುತ್ತಾರೆ. ನುಣುಪು ಹಾಳೆಗೆ ಕಚ್ಚಲು ಹಲ್ಲಿಲ್ಲ. ಹಿಡಿದುಕೊಳ್ಳುವ ಕೆಲಸ ಪೂರ್ತಿ ಪಾಲಿಮರ್‌ನ ರಸಾಯನದ ಮೇಲೆ ಬೀಳುತ್ತದೆ. ತಾಮ್ರವನ್ನು ಚೆನ್ನಾಗಿ ಹಿಡಿಯುವುದು ಎಂಥ ಗುಂಪು? ಧ್ರುವೀಯ ಗುಂಪು. ಸಿಗ್ನಲ್ ತಿನ್ನುವುದು? ಅದೇ. ನನ್ನ ಇಡೀ ಕೆಲಸದ ಜೀವನ ಈ ಎರಡು ಉತ್ತರಗಳ ನಡುವೆ ಕಳೆಯಿತು.

ಇನ್ನೂ ಇದೆ. ಟೆಫ್ಲಾನ್ ಬಿಸಿಗೆ ಹಿಗ್ಗುವುದು ತಾಮ್ರದ ಐದಾರು ಪಟ್ಟು. ಬೋರ್ಡ್ ದಪ್ಪಕ್ಕೆ ಹಿಗ್ಗಿದಾಗ ತೂತಿನೊಳಗಿನ ತಾಮ್ರದ ಕೊಳವೆ ಎಳೆದು ಹರಿಯುತ್ತದೆ. ಅದನ್ನು ತಡೆಯಲು ಸಿಲಿಕಾ ಪುಡಿ ಬೆರೆಸುತ್ತಾರೆ. ಸಿಲಿಕಾದ ಡಿಕೆ 3.9, ಹಾಗಾಗಿ ಮಿಶ್ರಣದ ಡಿಕೆ 3ರ ಹತ್ತಿರ ಬಂದು ನಿಲ್ಲುತ್ತದೆ. ಎಲ್ಲಿ ಹೋಯಿತು ನಿಮ್ಮ 2.1? ಜೊತೆಗೆ 19 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟೆಫ್ಲಾನ್‌ನ ಹರಳು ತನ್ನ ಜೋಡಣೆ ಬದಲಿಸುತ್ತದೆ. ಗಾತ್ರ ಸುಮಾರು ಶೇ 1ರಷ್ಟು ಬದಲಾಗುತ್ತದೆ, ಡಿಕೆಯೂ ಸ್ವಲ್ಪ ಜಿಗಿಯುತ್ತದೆ. ಆಂಟೆನಾ ಮಾಡುವವರಿಗೆ ಇದು ದೊಡ್ಡ ಕಿರಿಕಿರಿ, ಯಾಕೆಂದರೆ 19 ಡಿಗ್ರಿ ಅಪರೂಪದ ತಾಪಮಾನವೇನಲ್ಲ. ಕರಗುವುದು 327 ಡಿಗ್ರಿಯಲ್ಲಿ, ಕರಗಿದರೂ ಹರಿಯುವುದಿಲ್ಲ. ಎಪಾಕ್ಸಿಗಾಗಿ ಕಟ್ಟಿದ ಪ್ರೆಸ್‌ಗೆ ಅಷ್ಟು ಬಿಸಿ ಏರುವುದೇ ಇಲ್ಲ.

ಫ್ಲೋರಿನ್ ಪಾಲಿಮರ್‌ಗಳ ಮೇಲೆ ಕಾನೂನಿನ ಕಣ್ಣೂ ಬಿದ್ದಿದೆ. 2023ರ ಜನವರಿಯಲ್ಲಿ ಯುರೋಪಿನ ಐದು ದೇಶಗಳು ಪಿಎಫ್‌ಎಎಸ್ ಎಂಬ ದೊಡ್ಡ ಗುಂಪಿನ ರಾಸಾಯನಿಕಗಳನ್ನೆಲ್ಲ ಒಟ್ಟಾಗಿ ನಿರ್ಬಂಧಿಸುವ ಪ್ರಸ್ತಾವ ಇಟ್ಟವು. ಟೆಫ್ಲಾನ್ ಕೂಡ ಆ ಗುಂಪಿನದೇ. ಹೀಗಾಗಿ ಫ್ಲೋರಿನ್ ಇಲ್ಲದ ದಾರಿ ಹುಡುಕುವವರು ಜಾಸ್ತಿಯಾಗಿದ್ದಾರೆ.

ಪ್ರಶ್ನೆ: ಹಾಗಾದರೆ ಎಪಾಕ್ಸಿಯನ್ನೇ ರಿಪೇರಿ ಮಾಡಿದರೆ ಆಗಲ್ವಾ? ಅದು ಅಂಟುತ್ತದೆ, ಪ್ರೆಸ್‌ನಲ್ಲಿ ಸಲೀಸಾಗಿ ಕೂರುತ್ತದೆ.
– ರಸಾಯನಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿ

ಉತ್ತರ: ಆಗುತ್ತದೆ, ಒಂದು ಮಟ್ಟಕ್ಕೆ. ಎಪಾಕ್ಸಿ ಉಂಗುರ ಬಿಚ್ಚಿ ಗಟ್ಟಿಕಾರಕದ ಜೊತೆ ಸೇರುವಾಗ ಪ್ರತಿ ಬಾರಿಯೂ ಒಂದು ಹೈಡ್ರಾಕ್ಸಿಲ್ (ಆಮ್ಲಜನಕ, ಜಲಜನಕ ಸೇರಿದ ಧ್ರುವೀಯ) ಗುಂಪು ಹುಟ್ಟುತ್ತದೆ. ಅದು ಒಳ್ಳೆಯ ಅಂಟು. ಅದೇ ನೀರನ್ನು ಕರೆಯುತ್ತದೆ, ಅದೇ ಅಲೆಯನ್ನು ಹೀರುತ್ತದೆ. ಗಟ್ಟಿಯಾಗಿಸಿದಷ್ಟೂ ಹೆಚ್ಚು ಹುಟ್ಟುತ್ತದೆ. ಎಸ್ಟರ್ ಗುಂಪಿರುವ ಗಟ್ಟಿಕಾರಕ ಹಾಕಿದರೆ ಹೈಡ್ರಾಕ್ಸಿಲ್ ಬದಲು ಅಲ್ಲಿ ಎಸ್ಟರ್ ಉಳಿಯುತ್ತದೆ. ನಷ್ಟ ಚೆನ್ನಾಗಿ ಇಳಿಯುತ್ತದೆ. ಚಿಪ್ ಪ್ಯಾಕೇಜಿನ ತೆಳು ಪದರಗಳಲ್ಲಿ ಈ ಉಪಾಯ ಕೆಲಸ ಮಾಡುತ್ತಿದೆ.

ಇನ್ನೂ ಕೆಳಗೆ ಇಳಿಯಬೇಕಾದರೆ ಎಪಾಕ್ಸಿ ಬಿಡಬೇಕು. ನನಗೆ ಅತಿ ಇಷ್ಟವಾದ ಪಾಲಿಮರ್ ಪಾಲಿಫಿನೈಲೀನ್ ಈಥರ್, ಪಿಪಿಇ. 1956ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಆಲನ್ ಹೇ ಇದನ್ನು ತಾಮ್ರದ ವೇಗವರ್ಧಕ ಮತ್ತು ಆಮ್ಲಜನಕ ಬಳಸಿ ಮಾಡಿದರು. ಡಿಕೆ 2.5ರ ಸುತ್ತ, ಡಿಎಫ್ 0.001ರ ಸುತ್ತ, ನೀರು ಹೀರುವುದು ಅತ್ಯಲ್ಪ. ಆದರೆ ಸರಪಳಿ ಉದ್ದ. ದ್ರಾವಣ ಜೇಡಿಯಂತಾಗಿ ಗಾಜಿನ ಬಟ್ಟೆಯ ಎಳೆಗಳ ಒಳಗೆ ಹೋಗುವುದಿಲ್ಲ. ಸರಿ, ಸರಪಳಿ ತುಂಡರಿಸೋಣ, ಅಣುತೂಕ ಒಂದೆರಡು ಸಾವಿರಕ್ಕೆ ಇಳಿಸೋಣ ಎಂದರೆ ತುದಿಗಳ ಸಂಖ್ಯೆ ಹೆಚ್ಚಿತು. ಪ್ರತಿ ತುದಿಯಲ್ಲೂ ಒಂದು ಹೈಡ್ರಾಕ್ಸಿಲ್. ಬಾಗಿಲಿನಿಂದ ಓಡಿಸಿದವನು ಕಿಟಕಿಯಿಂದ ಬಂದ ಹಾಗೆ. ಅದಕ್ಕೆ ಆ ತುದಿಗಳಿಗೆ ಮೆಥಾಕ್ರಿಲೇಟ್ ಅಥವಾ ವಿನೈಲ್‌ಬೆಂಜೈಲ್ ಗುಂಪಿನ ಟೊಪ್ಪಿ ಹಾಕುತ್ತಾರೆ. ಆ ಟೊಪ್ಪಿಗಳೇ ಆಮೇಲೆ ಪೆರಾಕ್ಸೈಡ್ ಜೊತೆ ಸೇರಿ ಗಟ್ಟಿಯಾಗುತ್ತವೆ, ಹೊಸ ಹೈಡ್ರಾಕ್ಸಿಲ್ ಹುಟ್ಟುವುದಿಲ್ಲ. ತುಂಬ ಸೊಗಸಾದ ಪರಿಹಾರ ಇದು.

ಬರೀ ಇಂಗಾಲ, ಜಲಜನಕ ಇರುವ ರೆಸಿನ್‌ಗಳು ಇನ್ನೂ ಕಡಿಮೆ ನಷ್ಟದವು. ಅವು ಚೆನ್ನಾಗಿ ಉರಿಯುತ್ತವೆ ಎಂಬುದೇ ತೊಂದರೆ. ಬೆಂಕಿ ಪರೀಕ್ಷೆಯಲ್ಲಿ ಯುಎಲ್-94 ವಿ-0 ಎಂಬ ದರ್ಜೆ ಬೇಕೆಂದರೆ ಜ್ವಾಲೆ ತೆಗೆದ 10 ಸೆಕೆಂಡಿನಲ್ಲಿ ಬೆಂಕಿ ತಾನಾಗಿ ಆರಬೇಕು. ಬೆಂಕಿ ತಡೆಯಲು ಹಾಕುವ ರಂಜಕದ ಸಂಯುಕ್ತಗಳು ಬಹಳಷ್ಟು ಧ್ರುವೀಯ. ಮತ್ತೆ ಅದೇ ಕಿಟಕಿ.

ಪ್ರಶ್ನೆ: ಗಾಳಿಯ ಡಿಕೆ 1 ಎಂದರೆ, ಪ್ಲಾಸ್ಟಿಕ್‌ನಲ್ಲಿ ಗುಳ್ಳೆ ತುಂಬಿಸಿಬಿಡಿ. ಮುಗೀತಲ್ವಾ?
– ಹತ್ತನೇ ತರಗತಿ ಹುಡುಗ

ಉತ್ತರ: ಶಭಾಷ್. ದೊಡ್ಡ ದೊಡ್ಡ ಕಂಪನಿಗಳು ನೀನು ಹೇಳಿದ್ದನ್ನೇ ಮಾಡಿವೆ. ಡಿಕೆ 3 ಇರುವ ಪಾಲಿಮರ್‌ನಲ್ಲಿ ಅರ್ಧಕ್ಕರ್ಧ ಗಾಳಿ ಸೇರಿಸಿದರೆ 2ರ ಒಳಗೆ ಬರುತ್ತದೆ. ಟೆಫ್ಲಾನ್ ಅನ್ನು ಎಳೆದು ಉಬ್ಬಿಸಿದರೆ 1.3ರವರೆಗೂ ಇಳಿಯುತ್ತದೆ. ಒಳ್ಳೆಯ ಕೇಬಲ್‌ಗಳಲ್ಲಿ ಅದನ್ನು ಬಳಸುತ್ತಾರೆ. ಆದರೆ ಬೋರ್ಡ್ ಮಾಡುವಾಗ ಪ್ರೆಸ್‌ನ ಒತ್ತಡಕ್ಕೆ ಗುಳ್ಳೆ ಅಪ್ಪಚ್ಚಿಯಾಗುತ್ತದೆ. ಗುಳ್ಳೆಗಳು ಒಂದಕ್ಕೊಂದು ಸೇರಿಕೊಂಡಿದ್ದರೆ ತೂತು ಕೊರೆದ ಮೇಲೆ ಲೇಪನದ ದ್ರಾವಣ ಒಳಗೆ ನುಗ್ಗುತ್ತದೆ.

ಚಿಪ್ಪಿನ ಒಳಗೂ ಇದೇ ಕಥೆ ನಡೆಯಿತು. ಅಲ್ಲಿ ತಂತಿಗಳ ನಡುವೆ ತುಂಬುವ ಸಿಲಿಕಾದ ಬದಲು ಪಾಲಿಮರ್ ಹಾಕುವ ಉತ್ಸಾಹ 2000ದ ಸುಮಾರಿಗೆ ಜೋರಾಗಿತ್ತು. ಡೌ ಕೆಮಿಕಲ್‌ನ ಸಿಲ್ಕ್ ಎಂಬ ಪಾಲಿಮರ್‌ಗೆ ಡಿಕೆ 2.65. ಅದನ್ನು ಬಳಸುವುದಾಗಿ ಐಬಿಎಂ ಹೇಳಿತ್ತು. ಪಾಲಿಮರ್ ಮೆದು, ಬಿಸಿಗೆ ಹಿಗ್ಗುವುದೂ ಜಾಸ್ತಿ. ಕೊನೆಗೆ ಗೆದ್ದಿದ್ದು ಇಂಗಾಲ ಬೆರೆಸಿದ ಸಿಲಿಕಾ. ಇಂಟೆಲ್ 2014ರ 14 ನ್ಯಾನೋಮೀಟರ್ ಚಿಪ್ಪುಗಳಲ್ಲಿ ಎರಡು ಪದರಗಳಲ್ಲಿ ತಂತಿಗಳ ನಡುವೆ ಬರೀ ಗಾಳಿಯ ಕಂಡಿ ಬಿಟ್ಟಿತು. ಅಂದರೆ ನಿನ್ನ ಉತ್ತರ ಸರಿ, ಎಲ್ಲ ಪದರಕ್ಕೂ ಅಲ್ಲ.

ಪ್ರಶ್ನೆ: ನಾನು ಬೋರ್ಡ್ ಡಿಸೈನ್ ಮಾಡುತ್ತೇನೆ. ಸಿಗ್ನಲ್ ಒಟ್ಟಿಗೆ ತಲುಪಿಸಬೇಕಾದ ಜೋಡಿ ಗೆರೆಗಳ ಉದ್ದ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಸಿದ್ದೇನೆ. ಆದರೂ ಕೆಲವು ಬೋರ್ಡಿನಲ್ಲಿ ಒಂದು ಸಿಗ್ನಲ್ ತಡವಾಗಿ ಬರುತ್ತದೆ. ಎಲ್ಲ ಬೋರ್ಡಿನಲ್ಲೂ ಅಲ್ಲ!

ಉತ್ತರ: ಆ "ಎಲ್ಲ ಬೋರ್ಡಿನಲ್ಲೂ ಅಲ್ಲ" ಎಂಬುದೇ ಸುಳಿವು. ಬೋರ್ಡಿನ ಒಳಗೆ ಇರುವುದು ನೇಯ್ದ ಗಾಜಿನ ಬಟ್ಟೆ. ಸಾಮಾನ್ಯ ಗಾಜಿನ ಡಿಕೆ 6ಕ್ಕಿಂತ ಜಾಸ್ತಿ, ರೆಸಿನ್‌ನದು 3ರ ಸುತ್ತ. ನಿಮ್ಮ ಜೋಡಿಯಲ್ಲಿ ಒಂದು ಗೆರೆ ಗಾಜಿನ ಎಳೆಯ ಮೇಲೇ ಸಾಗಿದೆ, ಇನ್ನೊಂದು ಎಳೆಗಳ ನಡುವಿನ ರೆಸಿನ್ ಮೇಲೆ. ಒಂದಕ್ಕೆ ಡಿಕೆ 4.0, ಇನ್ನೊಂದಕ್ಕೆ 4.2 ಸಿಕ್ಕಿತು ಎಂದುಕೊಳ್ಳಿ. 20 ಸೆಂಟಿಮೀಟರ್ ಹೋಗುವಷ್ಟರಲ್ಲಿ 33 ಪಿಕೋಸೆಕೆಂಡ್ ಅಂತರ. ಸೆಕೆಂಡಿಗೆ 28 ಗಿಗಾಬಿಟ್ ಕಳಿಸುವ ಗೆರೆಯಲ್ಲಿ ಒಂದು ಬಿಟ್ ಇರುವುದೇ 36 ಪಿಕೋಸೆಕೆಂಡ್. ಬಟ್ಟೆ ಕತ್ತರಿಸುವಾಗ ಎಳೆ ಎಲ್ಲಿ ಬಿತ್ತು ಎಂಬುದು ಅದೃಷ್ಟ, ಅದಕ್ಕೇ ಬೋರ್ಡಿಂದ ಬೋರ್ಡಿಗೆ ಬೇರೆ. ಎಳೆ ಹರಡಿದ ಚಪ್ಪಟೆ ಬಟ್ಟೆ ಕೇಳಿ, ಡಿಕೆ ಕಡಿಮೆ ಇರುವ ಗಾಜು ಸಿಕ್ಕರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಗೆರೆಗಳ ಚಿತ್ರವನ್ನೇ ಬಟ್ಟೆಗೆ ಹತ್ತು ಡಿಗ್ರಿ ಓರೆಯಾಗಿ ಇಡಿ. ಒಳ್ಳೆಯ ರೆಸಿನ್ ಮಾಡಿ, ಅದರೊಳಗೆ ಹಳೆಯ ಗಾಜು ಇಟ್ಟು, ಆಮೇಲೆ ರೆಸಿನ್‌ಗೆ ಬೈದವರನ್ನು ನೋಡಿದ್ದೇನೆ. ಪಾಪದ ರೆಸಿನ್.

ಪ್ರಶ್ನೆ: ಹೊಸ ಪಾಲಿಮರ್‌ಗಳ ಗುಣವನ್ನು ಕಂಪ್ಯೂಟರ್ ಮೊದಲೇ ಹೇಳುವುದಿಲ್ಲವೇ?

ಉತ್ತರ: ಡಿಕೆಯನ್ನು ಸುಮಾರಾಗಿ ಹೇಳುತ್ತದೆ. ಯಾವ ಗುಂಪು ಎಷ್ಟು ಜಗ್ಗುತ್ತದೆ, ಎಷ್ಟು ಜಾಗ ಹಿಡಿಯುತ್ತದೆ ಎಂದು ಕೂಡಿಸಿದರೆ ಕಾಗದ ಪೆನ್ನಿನಲ್ಲೂ ಹತ್ತಿರ ಬರಬಹುದು. ಡಿಎಫ್ ಕಷ್ಟ. ಪೀಲ್ ಟೆಸ್ಟ್ ಇನ್ನೂ ಕಷ್ಟ.

ಪ್ರಶ್ನೆ: ಮೇಡಂ, ನಾನು ಪಿಎಚ್.ಡಿ. ಎರಡನೇ ವರ್ಷ. ನನ್ನ ಫ್ಲೋರಿನ್ ಇರುವ ಪಾಲಿಇಮೈಡ್ ಫಿಲ್ಮ್ ಮೊದಲು ಅಳೆದಾಗ ಡಿಕೆ 2.6 ಬಂತು. ಎರಡು ತಿಂಗಳ ಬಳಿಕ ಅದೇ ಫಿಲ್ಮ್ 2.9. ಗೈಡ್‌ಗೆ ಏನು ಹೇಳಲಿ? ಯಾವುದು ನಿಜ?

ಉತ್ತರ: ಸದ್ಯಕ್ಕೆ ಗೈಡ್‌ಗೆ ಏನೂ ಹೇಳಬೇಡಿ. ಮೊದಲು ಎರಡೂ ದಿನದ ಡಿಎಫ್ ಪಕ್ಕಪಕ್ಕ ಬರೆಯಿರಿ.

ನೀವು ಸ್ಪ್ಲಿಟ್-ಪೋಸ್ಟ್ ರೆಸೊನೇಟರ್ ಎಂಬ, ಅಲೆಯ ನಡುವೆ ಫಿಲ್ಮ್ ಇಟ್ಟು ನೋಡುವ ಯಂತ್ರದಲ್ಲಿ ಅಳೆದಿದ್ದೀರಿ ಎಂದುಕೊಳ್ಳುತ್ತೇನೆ. ಅದರಲ್ಲಿ ದಪ್ಪದ ತಪ್ಪು ನೇರ ಡಿಕೆಗೆ ಬರುತ್ತದೆ, ಡಿಎಫ್‌ಗೆ ಹೆಚ್ಚು ತಟ್ಟುವುದಿಲ್ಲ. 50 ಮೈಕ್ರಾನ್ ಫಿಲ್ಮಿನಲ್ಲಿ 5 ಮೈಕ್ರಾನ್ ತಪ್ಪಿದರೆ 2.6 ಹೋಗಿ 2.76 ಆಗುತ್ತದೆ. ಹಾಗಾಗಿ ಡಿಕೆ ಮಾತ್ರ ಏರಿ ಡಿಎಫ್ ಹಾಗೇ ಇದ್ದರೆ ದಪ್ಪ ಅಳೆದ ಮೈಕ್ರೋಮೀಟರ್ ಅನ್ನು ಅನುಮಾನಿಸಿ. ಎರಡೂ ಒಟ್ಟಿಗೆ ಏರಿದ್ದರೆ ನೀರು. ಪಾಲಿಇಮೈಡ್ ನೀರು ಕುಡಿಯುವುದರಲ್ಲಿ ಹೆಸರುವಾಸಿ. ಫ್ಲೋರಿನ್ ಇಲ್ಲದ ಸಾಮಾನ್ಯ ಫಿಲ್ಮ್ ತನ್ನ ತೂಕದ ಶೇ 2ರಿಂದ 3ರಷ್ಟು ಹೀರಬಲ್ಲದು. ಒಣಗಿದಾಗ ಡಿಕೆ 3ರ ಹತ್ತಿರ ಇರುವುದು ತೇವದಲ್ಲಿ 3.5 ದಾಟುತ್ತದೆ. ನಿಮ್ಮದು ಕಡಿಮೆ ಹೀರುತ್ತದೆ, ಆದರೂ ಹೀರುತ್ತದೆ. ಫಿಲ್ಮ್ ಒಣಗಿಸಿ ಅಳೆಯಿರಿ, ಆಮೇಲೆ ಎರಡು ದಿನ ಕೋಣೆಯ ಗಾಳಿಯಲ್ಲಿ ಬಿಟ್ಟು ಅಳೆಯಿರಿ, ಎರಡನ್ನೂ ತೇವಾಂಶದ ಜೊತೆ ಬರೆಯಿರಿ. ಎರಡೂ ನಿಜವೇ. ಬಳಸುವವರಿಗೆ ಬೇಕಾದದ್ದು ಎರಡನೆಯದು, ಪ್ರಬಂಧಗಳಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ ಮೊದಲನೆಯದು.

ಎರಡು ಸಲವೂ ಒಂದೇ ಯಂತ್ರವೇ? ಒಂದು ಸಲ ರೆಸೊನೇಟರ್, ಇನ್ನೊಂದು ಸಲ ಎರಡು ಫಲಕಗಳ ನಡುವೆ ಇಟ್ಟು ಅಳೆದಿದ್ದರೆ ಹೋಲಿಸಲೇ ಬಾರದು. ಪಾಲಿಇಮೈಡ್ ಸರಪಳಿಗಳು ಫಿಲ್ಮಿನ ಉದ್ದಗಲಕ್ಕೆ ಮಲಗಿರುತ್ತವೆ. ರೆಸೊನೇಟರ್ ಅಳೆಯುವುದು ಆ ದಿಕ್ಕನ್ನು, ಫಲಕಗಳು ಅಳೆಯುವುದು ದಪ್ಪದ ದಿಕ್ಕನ್ನು.

ಮೂರನೆಯ ಸಾಧ್ಯತೆಯೂ ಇದೆ. ಅದರಲ್ಲಿ ನಾನು ಬಿದ್ದಿದ್ದೇನೆ, ಅದಕ್ಕೇ ಹೇಳುತ್ತೇನೆ. ಒಂದು ಸಲ ನನ್ನ ಹೊಸ ಫಿಲ್ಮ್ 2.3 ತೋರಿಸಿತು. ಆ ರಚನೆಗೆ ಅಷ್ಟು ಕಡಿಮೆ ಬರಲು ಕಾರಣವೇ ಇರಲಿಲ್ಲ. ಆದರೆ ಸಂತೋಷದಲ್ಲಿ ಯಾರು ಕಾರಣ ಕೇಳುತ್ತಾರೆ? ಮೂರು ವಾರ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಆಮೇಲೆ ಸಹೋದ್ಯೋಗಿ ಒಬ್ಬರು ಮೆಲ್ಲಗೆ, ಸಾಂದ್ರತೆ ನೋಡಿದಿರಾ ಎಂದು ಕೇಳಿದರು. ನೋಡಿರಲಿಲ್ಲ. ಅಳೆದರೆ ಇರಬೇಕಾದದ್ದಕ್ಕಿಂತ ಬಹಳ ಕಡಿಮೆ. ಅವಸರದಲ್ಲಿ ಬೇಗ ಬಿಸಿ ಏರಿಸಿದ್ದೆ, ದ್ರಾವಕ ಕುದಿದು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಬಿಟ್ಟಿತ್ತು. ನಾನು ಅಳೆದದ್ದು ಗಾಳಿಯನ್ನು. ಹತ್ತನೇ ತರಗತಿಯ ಆ ಹುಡುಗ ಬೇಕೆಂದು ಹೇಳಿದ್ದನ್ನು ನಾನು ಬೇಡದೆ ಮಾಡಿದ್ದೆ.

ನಿಮ್ಮದು ಹಾಗಿದ್ದರೆ ಮೊದಲ 2.6ರಲ್ಲಿ ಗುಳ್ಳೆಗಳ ಪಾಲು ಇರಬಹುದು. ಎರಡು ತಿಂಗಳಲ್ಲಿ ಅವು ತೇವ ಹಿಡಿದು ಡಿಕೆ ಏರಿರಬಹುದು. ಸಾಂದ್ರತೆ ನೋಡಿ. ಒಂದು ಚೂರನ್ನು ತೂಕದ ಯಂತ್ರದಲ್ಲಿ ಬಿಸಿ ಮಾಡಿ, ಎಲ್ಲಿ ತೂಕ ಕಳೆಯುತ್ತದೆ ಎಂದೂ ನೋಡಿ. 100 ಡಿಗ್ರಿ ಸುತ್ತ ಕಳೆದರೆ ನೀರು, 200 ಡಿಗ್ರಿ ಆಸುಪಾಸಿನಲ್ಲಿ ಕಳೆದರೆ ಒಳಗೆ ದ್ರಾವಕ ಉಳಿದಿದೆ. ಎನ್‌ಎಂಪಿ ಎಂಬ ದ್ರಾವಕ ಕುದಿಯುವುದು 202 ಡಿಗ್ರಿಯಲ್ಲಿ, ಅದು ಪಾಲಿಇಮೈಡ್ ಬಿಟ್ಟು ಹೋಗಲು ಬಹಳ ಸತಾಯಿಸುತ್ತದೆ.

ಫಲಿತಾಂಶ ಬಂದ ಮೇಲೆ ಇನ್ನೊಂದು ಪತ್ರ ಹಾಕಿ. ದಪ್ಪವನ್ನು ಎಷ್ಟು ಕಡೆ ಅಳೆದಿರಿ ಎಂದೂ ಬರೆಯಿರಿ. ಒಂದೇ ಕಡೆ ಎಂದರೆ ಬೈಯುತ್ತೇನೆ.